ಟೈಲರ್ ಟೇಪ್ ಸುಳ್ಳು ಹೇಳಲ್ಲ

ತಮ್ಮನ ಮದುವೆಗೆ ಪ್ಯಾಂಟ್ ಹೊಲಿಸೋಣ ಅಂತ ತೆಕ್ಕಲಕೋಟೆಯ ನಮ್ಮ ಹಳೇ ಟೈಲರ್ ಹತ್ರ ಹೋಗಿದ್ದೆ. ಕಾಲೇಜು ದಿನಗಳಲ್ಲಿ 30 ಅಂತ ಬರ್ಕೊಂಡಿದ್ದವರು ಈ ಸಲ ಟೇಪ್ ಸುತ್ತಿ, ಎರಡು ಸಲ ನೋಡಿ, "ಮೂವತ್ತೆಂಟು ಬರ್ಕೊಳ್ಳಲೇನಪ್ಪಾ?" ಅಂದರು. ಪಕ್ಕದಲ್ಲಿದ್ದ ಅವ್ವನಿಗೆ ಖುಷಿ. "ಈಗ ಮೈ ಹಿಡಿದಾನ, ನೋಡಾಕ ಚೆಂದ ಆಗ್ಯಾನ" ಅಂದಳು.

ನನಗೆ ನಗು ಬರಲಿಲ್ಲ. ಅಪ್ಪ ಹತ್ತು ವರ್ಷದಿಂದ ಶುಗರ್ ಮಾತ್ರೆ ನುಂಗ್ತಿದ್ದಾರೆ. ಬೆಂಗಳೂರಿನಲ್ಲಿ ಮಾಡಿಸಿದ ಟೆಸ್ಟ್‌ನಲ್ಲಿ ನನ್ನ ಎಚ್‌ಬಿಎ1ಸಿ 6.1 ಬಂದಿತ್ತು. ಅಂದ್ರೆ ಡಯಾಬಿಟಿಸ್‌ನ ಹೊಸ್ತಿಲು. ಭಾರತೀಯ ಗಂಡಸರ ಸೊಂಟ 90 ಸೆಂ.ಮೀ., ಹೆಂಗಸರದ್ದು 80 ಸೆಂ.ಮೀ. ದಾಟಿದರೆ ಅಪಾಯ ಶುರು ಅಂತ ವೈದ್ಯರು ಹೇಳ್ತಾರೆ. 90 ಅಂದ್ರೆ ಸುಮಾರು 35 ಇಂಚು. ನಾನು ಅದನ್ನು ಯಾವಾಗ ದಾಟಿದೆನೋ ಗೊತ್ತೇ ಆಗಲಿಲ್ಲ.

ನಾನೊಬ್ಬನೇ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 2015-16ರಲ್ಲಿ ಕರ್ನಾಟಕದ ಗಂಡಸರಲ್ಲಿ ಶೇ. 22ರಷ್ಟು ಜನರ ತೂಕ ಹೆಚ್ಚಿತ್ತು. 2019-21ರ ಹೊತ್ತಿಗೆ ಅದು ಶೇ. 31ರ ಹತ್ತಿರ. ಹೆಂಗಸರಲ್ಲಿ 23 ಇದ್ದದ್ದು 30.

ಊರಲ್ಲಿ ಹಿರಿಯರು ಇದಕ್ಕೆಲ್ಲ ಅನ್ನವೇ ಕಾರಣ ಅಂತಾರೆ. ತುಂಗಭದ್ರಾ ಕಾಲುವೆ ನೀರು ಬರೋಕೆ ಮುಂಚೆ ನಮ್ಮಲ್ಲಿ ಜೋಳದ್ದೇ ಊಟ; ಈಗ ಸಿರುಗುಪ್ಪ ಅಂದ್ರೆ ಭತ್ತ, ಮೂರು ಹೊತ್ತೂ ಅಕ್ಕಿ. ಮಾತಿನಲ್ಲಿ ಅರ್ಧ ಸತ್ಯ ಇದೆ. ಜೋಳದಲ್ಲಿ ನಾರು ಜಾಸ್ತಿ, ಆದರೆ ಕ್ಯಾಲೊರಿ ಅಕ್ಕಿಯಷ್ಟೇ. ಅಜ್ಜಿ ರೊಟ್ಟಿ ತಿಂದು ಹೊಲಕ್ಕೆ ಹೋಗ್ತಿದ್ದಳು. ನಾನು ಅನ್ನ ತಿಂದು ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಹೋಗ್ತೀನಿ, ಅದೂ ಕೂತ್ಕೊಂಡೇ!

ತಿಳಿವಳಿಕೆಗೇನೂ ಕೊರತೆ ಇರಲಿಲ್ಲ. ಜಿಮ್‌ಗೆ ವರ್ಷದ ದುಡ್ಡು ಕಟ್ಟಿ ಹನ್ನೊಂದು ದಿನ ಹೋದೆ. ಕ್ಯಾಲೊರಿ ಆ್ಯಪ್ ಹಾಕ್ಕೊಂಡೆ. ಮಿರ್ಚಿ ತಿಂದ ದಿನ ಅದನ್ನು ತೆರೆಯಲೇ ಇಲ್ಲ. ಸಂಜೆ ಐದಾದರೆ ಕೈ ತಾನಾಗೇ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಡೆ ಹೋಗುತ್ತೆ. ಹಸಿವಿನಿಂದಲ್ಲ, ಗಡಿಯಾರದಿಂದ.

ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ತಂಡ 96 ಜನರನ್ನಿಟ್ಟುಕೊಂಡು ಮಾಡಿದ ಅಧ್ಯಯನ ಓದಿದ ಮೇಲೆ ಸ್ವಲ್ಪ ಧೈರ್ಯ ಬಂತು. ಹೊಸ ಅಭ್ಯಾಸ ಮೈಗೂಡೋಕೆ ಸರಾಸರಿ 66 ದಿನ. ಕೆಲವರಿಗೆ 18, ಕೆಲವರಿಗೆ 254. ನಮ್ಮ ಕಿವಿಗೆ ಬಿದ್ದಿರೋ "21 ದಿನ" ಅಲ್ಲ. ನಡುವೆ ಒಂದು ದಿನ ತಪ್ಪಿದರೂ ಎಲ್ಲ ಕೆಡಲ್ಲವಂತೆ. ನಾನು ಪ್ರತಿಸಲ ಸೋತಿದ್ದು ಅಲ್ಲೇ, ಒಂದು ದಿನ ತಪ್ಪಿದರೆ ಅಂಗಡಿಯನ್ನೇ ಮುಚ್ಚಿಬಿಡ್ತಿದ್ದೆ.

ಈಗ ಒಂದೇ ನಿಯಮ. ಐದು ಗಂಟೆಗೆ ಚಹಾ ಕುಡಿದ ತಕ್ಷಣ ಚಪ್ಪಲಿ ಹಾಕ್ಕೊಂಡು ಇಪ್ಪತ್ತು ನಿಮಿಷ ನಡೆಯೋದು. ಫೋನ್ ಕಾಲ್ ಇದ್ದರೆ ನಡೀತಾನೇ ಮಾತು. ಐದು ತಿಂಗಳಲ್ಲಿ ಮೂರು ಕೆಜಿ ಇಳಿದಿದ್ದೆ. ಮದುವೆ ವಾರದಲ್ಲಿ ಒಂದು ವಾಪಸ್ ಬಂತು.

ಊರಿಗೆ ಹೋದಾಗ ಅವ್ವ ಈಗ ಎರಡನೇ ಸಲ ಅನ್ನ ಬಡಿಸೋ ಮುಂಚೆ "ಹಾಕ್ಲೇನು?" ಅಂತ ಕೇಳ್ತಾಳೆ. ನಾನು ಬೇಡ ಅನ್ನೋವಷ್ಟರಲ್ಲಿ ಅರ್ಧ ಸೌಟು ತಟ್ಟೆಗೆ ಬಿದ್ದಿರುತ್ತೆ.