ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರ್ತೀರಿ?

ಹಿರಿಯರನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ಮುನ್ನ ಕೇಳಬೇಕಾದ್ದು, ಸೇರಿಸಿದ ಮೇಲೆ ನೋಡುತ್ತಿರಬೇಕಾದ್ದು

ಆರೈಕೆ ಕೇಂದ್ರ ನೋಡಲು ಹೋಗುವವರು ಸಾಮಾನ್ಯವಾಗಿ ಭಾನುವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋಗುತ್ತಾರೆ. ಆ ಹೊತ್ತಿನಲ್ಲಿ ಯಾವ ಕೇಂದ್ರವಾದರೂ ಚೆನ್ನಾಗಿಯೇ ಕಾಣುತ್ತದೆ. ಒರೆಸಿದ ನೆಲ ಇನ್ನೂ ಫಿನಾಯಿಲ್ ವಾಸನೆ ಬೀರುತ್ತಿರುತ್ತದೆ. ಅಜ್ಜ ಅಜ್ಜಿಯರಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ವರಾಂಡದ ಬಿಸಿಲಿಗೆ ಕೂರಿಸಿರುತ್ತಾರೆ. ಮ್ಯಾನೇಜರ್ ದೇವರ ಕೋಣೆ, ಟಿವಿ ಹಾಲ್, ಲಿಫ್ಟ್ ತೋರಿಸಿ ಕಾಫಿ ಕೊಡುತ್ತಾರೆ. ಮನೆಯವರು ತಿಂಗಳಿಗೆಷ್ಟು, ಡಿಪಾಸಿಟ್ ಎಷ್ಟು ಎಂದು ಕೇಳಿ ಹೊರಡುತ್ತಾರೆ. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರ್ತೀರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ.

2011ರ ಜನಗಣತಿಯ ಹೊತ್ತಿಗೇ ಕರ್ನಾಟಕದಲ್ಲಿ 60 ದಾಟಿದವರು ಜನಸಂಖ್ಯೆಯ ಶೇ 9.5ರಷ್ಟಿದ್ದರು. ದೇಶದ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಇಂಥವರನ್ನು ನೋಡಿಕೊಂಡು ಸೊಸೆಯ ಸೊಂಟ ಹಿಡಿದುಕೊಳ್ಳುತ್ತದೆ, ಮಗಳು ಕೆಲಸ ಬಿಡುತ್ತಾಳೆ, ಅಪ್ಪ ಎರಡನೇ ಸಲ ಬಚ್ಚಲಲ್ಲಿ ಜಾರಿ ಬೀಳುತ್ತಾರೆ. ಆಮೇಲೆ ಅವಸರದಲ್ಲಿ ಜಾಗ ಹುಡುಕುವುದು. ‘ಅಮ್ಮ ಅಕ್ಕನ ಮನೆಯಲ್ಲಿದ್ದಾರೆ’ ಎಂದು ನೆಂಟರಿಗೆ ಸುಳ್ಳು ಹೇಳುವ ಮನೆಗಳೂ ಇವೆ. ಆ ಮುಜುಗರದಿಂದ ಆಗುವ ನಿಜವಾದ ನಷ್ಟ ಬೇರೆಯೇ ಇದೆ. ಯಾರನ್ನೂ ವಿಚಾರಿಸದೆ, ಎರಡು ಕಡೆ ಹೋಲಿಸಿ ನೋಡದೆ, ಸಿಕ್ಕಿದ್ದಕ್ಕೆ ಸಹಿ ಹಾಕಿಬಿಡುತ್ತಾರೆ.

ಓಡಾಡಿಕೊಂಡಿದ್ದರೆ ಸರಿ, ಆಮೇಲೆ?

ಅನೇಕ ವೃದ್ಧಾಶ್ರಮಗಳು ಓಡಾಡಿಕೊಂಡು, ತಮ್ಮ ಕೆಲಸ ತಾವು ಮಾಡಿಕೊಳ್ಳುವವರನ್ನಷ್ಟೇ ಸೇರಿಸಿಕೊಳ್ಳುತ್ತವೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಎಂಬತ್ತೆರಡರ ಅಜ್ಜಿ ಎಂದೆಂದೂ ಓಡಾಡಿಕೊಂಡಿರುವುದಿಲ್ಲ. ಸೊಂಟದ ಮೂಳೆ ಮುರಿದರೆ, ಪಾರ್ಶ್ವವಾಯು ಹೊಡೆದರೆ ‘ಮನೆಗೆ ಕರೆದುಕೊಂಡು ಹೋಗಿ’ ಎನ್ನುತ್ತೀರೋ, ಇಲ್ಲೇ ನೋಡಿಕೊಳ್ಳುತ್ತೀರೋ? ಇದಕ್ಕೆ ಉತ್ತರ ಒಪ್ಪಂದದ ಕಾಗದದಲ್ಲಿರಬೇಕು. ಮೂಗಿನ ನಳಿಕೆ, ಮೂತ್ರದ ನಳಿಕೆ, ಇನ್ಸುಲಿನ್ ನಿಭಾಯಿಸುವ ನರ್ಸ್ ಇದ್ದಾರೆಯೇ? ಚಿಕಿತ್ಸೆಯನ್ನೂ ಕೊಡುತ್ತೇವೆ ಎನ್ನುವ ಕೇಂದ್ರವಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ (ಕೆಪಿಎಂಇ) ನೋಂದಣಿ ತೋರಿಸಲು ಹೇಳಿ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ತಿಂಗಳ ಶುಲ್ಕದಲ್ಲಿ ಕೋಣೆ, ಊಟ ಇರುತ್ತವೆ. ಡೈಪರ್, ಫಿಸಿಯೋಥೆರಪಿ, ಆಂಬುಲೆನ್ಸ್, ಆಸ್ಪತ್ರೆಗೆ ಜೊತೆಗೆ ಹೋಗುವ ಆಯಾ ಇವೆಲ್ಲ ಬೇರೆಯೇ ಬಿಲ್ ಆಗುವುದು ಹೆಚ್ಚು. 70 ತುಂಬಿದವರಿಗೆಂದು ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಆರಂಭಿಸಿದ ಆಯುಷ್ಮಾನ್ ಕಾರ್ಡಿನ ಐದು ಲಕ್ಷದ ಸೌಲಭ್ಯ ಆಸ್ಪತ್ರೆ ಸೇರಿದಾಗ ಉಪಯೋಗಕ್ಕೆ ಬರುತ್ತದೆಯೇ ಹೊರತು ಇಲ್ಲಿನ ವಾಸದ ಖರ್ಚಿಗಲ್ಲ.

ಕತ್ತಲಾದ ಮೇಲೆ

ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಹಿಮ್ಮಡಿ, ಸೊಂಟ, ಬೆನ್ನಿನ ಕೆಳಭಾಗದಲ್ಲಿ ಚರ್ಮ ಕೆಂಪಾಗಿ, ಆಮೇಲೆ ಸುಲಿದು ಹುಣ್ಣಾಗುತ್ತದೆ. ಗಾಳಿ ಹಾಸಿಗೆ ಇದ್ದರೂ ಈ ಕೆಲಸ ತಪ್ಪುವುದಿಲ್ಲ. ಹಗಲಿನಲ್ಲಿ ಇದನ್ನು ಮಾಡಲು ಕೈಗಳಿರುತ್ತವೆ. ರಾತ್ರಿ ಮೂವತ್ತು ಜನಕ್ಕೆ ಇಬ್ಬರೇ ಆಯಾಗಳಿದ್ದರೆ ಏನಾಗುತ್ತದೆ ಎಂಬ ಲೆಕ್ಕ ನೀವೇ ಹಾಕಿ. ಮಗ್ಗುಲು ಬದಲಿಸಿದ್ದಕ್ಕೆ ಚಾರ್ಟ್ ಇಟ್ಟಿರುತ್ತಾರೆ, ತೋರಿಸಿ ಎನ್ನಿ. ರಾತ್ರಿ ಹತ್ತು, ಹನ್ನೆರಡು, ಎರಡು, ನಾಲ್ಕು ಗಂಟೆಯ ಗುರುತುಗಳೆಲ್ಲ ಒಂದೇ ಬರಹದಲ್ಲಿ, ಒಂದೇ ಸಾಲಿನಲ್ಲಿ ಅಚ್ಚುಕಟ್ಟಾಗಿದ್ದರೆ ಬೆಳಗ್ಗೆ ಕೂತು ತುಂಬಿದ್ದಿರಬಹುದು. ಚಾರ್ಟಿಗಿಂತ ಹಿಮ್ಮಡಿ ನಂಬಿಕಸ್ಥ. ಭೇಟಿಗೆ ಹೋದಾಗ ಕಾಲುಚೀಲ ತೆಗೆದು ನೋಡಿ.

ಬೀಳುವ ಭಯವೂ ರಾತ್ರಿಯೇ ಹೆಚ್ಚು. ಮೂತ್ರಕ್ಕೆಂದು ನಡುರಾತ್ರಿ ಏಳುತ್ತಾರೆ, ನಿದ್ದೆಗಣ್ಣು, ಬಿಪಿ ಮಾತ್ರೆಯ ತಲೆಸುತ್ತು, ಒದ್ದೆ ನೆಲ. ಕರೆಗಂಟೆ ಮಲಗಿದಲ್ಲೇ ಕೈಗೆ ಸಿಗಬೇಕು, ಒತ್ತಿದರೆ ಯಾರಾದರೂ ಬರಬೇಕು. ನೋಡಲು ಹೋದ ದಿನ ನೀವೇ ಒಮ್ಮೆ ಒತ್ತಿ ನೋಡಿ, ಸಂಕೋಚ ಬೇಡ.

ಇನ್ನೊಂದು ಮಾತು. ‘ಈಗ ರಾತ್ರಿಯೆಲ್ಲ ಚೆನ್ನಾಗಿ ನಿದ್ದೆ ಮಾಡ್ತಾರೆ, ತಕರಾರೇ ಇಲ್ಲ’ ಎಂದು ಫೋನಿನಲ್ಲಿ ಹೇಳಿದರೆ ಖುಷಿಪಡುವ ಮೊದಲು, ಹೊಸದಾಗಿ ಯಾವ ಮಾತ್ರೆ ಶುರುವಾಗಿದೆ, ಯಾವ ವೈದ್ಯರು ಬರೆದುಕೊಟ್ಟರು ಎಂದು ಕೇಳಿ. ಮಂಪರಿನ ಮಾತ್ರೆ ನಿಜಕ್ಕೂ ಬೇಕಾಗುವ ಸಂದರ್ಭಗಳಿವೆ. ಸಿಬ್ಬಂದಿ ಕಡಿಮೆ ಇರುವುದು ಅಂಥ ಸಂದರ್ಭವಲ್ಲ.

ಸಂಜೆ ಐದೂವರೆ, ಆರರ ಹೊತ್ತಿಗೂ ಒಮ್ಮೆ ಹೋಗಿ. ಡಿಮೆನ್ಷಿಯಾ ಇರುವವರಿಗೆ ಹೊತ್ತು ಮುಳುಗುವಾಗ ಚಡಪಡಿಕೆ ಹೆಚ್ಚು. ಒಂದು ಕೇಂದ್ರದಲ್ಲಿ ಅಜ್ಜಿಯೊಬ್ಬರು ಎರಡು ಸೀರೆ, ಒಂದು ಟವೆಲ್ ಬಟ್ಟೆಚೀಲಕ್ಕೆ ತುರುಕಿ ಬಾಗಿಲ ಚಿಲಕ ಎಳೆಯುತ್ತಿದ್ದರು. ‘ಹುಡುಗ್ರು ಸ್ಕೂಲಿಂದ ಬಂದುಬಿಡ್ತಾವೆ, ಅನ್ನಕ್ಕೆ ಇಟ್ಟಿಲ್ಲ.’ ಅವರ ಹುಡುಗರಿಗೆ ಈಗ ಅರವತ್ತರ ಆಸುಪಾಸು. ಆಯಾ ‘ಅಮ್ಮ, ನಿಮ್ಮ ಮಕ್ಕಳು ದೊಡ್ಡವರಾಗಿದ್ದಾರೆ’ ಎಂದು ವಾದಕ್ಕೆ ನಿಲ್ಲಲಿಲ್ಲ. ‘ಹೌದಾ ಅಜ್ಜಿ? ಹಾಗಾದ್ರೆ ಅಕ್ಕಿ ಆರಿಸಿಕೊಡಿ, ನಾನು ಇಡ್ತೀನಿ’ ಎಂದು ಮೊರದಲ್ಲಿ ಎರಡು ಹಿಡಿ ಅಕ್ಕಿ ತಂದಿಟ್ಟಳು. ಅಜ್ಜಿ ಕೂತರು, ಕಲ್ಲಿಲ್ಲದ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದರು. ಹೀಗೆ ನಿಭಾಯಿಸಬಲ್ಲ ಒಬ್ಬಳು ಆಯಾ ಇರುವ ಕಡೆ ಲಿಫ್ಟ್ ಇಲ್ಲದಿದ್ದರೂ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಒಂದು ಹಾಳೆ ಬರೆದುಕೊಡಿ

ಬೆಂಗಳೂರಿನ ಕೇಂದ್ರಗಳಲ್ಲಿ ಆರೈಕೆ ಮಾಡುವ ಹುಡುಗ ಹುಡುಗಿಯರಲ್ಲಿ ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯಿಂದ ಬಂದವರು ಬಹಳ. ಇತ್ತ ಡಿಮೆನ್ಷಿಯಾ ಬಲಿತಂತೆ ಆಮೇಲೆ ಕಲಿತ ಇಂಗ್ಲಿಷ್, ಹಿಂದಿ ಮೊದಲು ಜಾರಿಹೋಗಿ ಮನೆಮಾತು ಉಳಿಯುವುದುಂಟು. ‘ಹಿತ್ತಲಿಗೆ ಹೋಗಬೇಕು’ ಎಂದು ಅಜ್ಜ ಹೇಳಿದರೆ ಅದು ಶೌಚಕ್ಕೆ ಎಂದು ಆ ಹುಡುಗನಿಗೆ ಹೇಗೆ ತಿಳಿಯಬೇಕು? ಅವನು ಅಜ್ಜನನ್ನು ಮತ್ತೆ ಮಂಚಕ್ಕೆ ಮಲಗಿಸುತ್ತಾನೆ, ಹಾಸಿಗೆ ಒದ್ದೆಯಾಗುತ್ತದೆ, ಮರುದಿನದಿಂದ ಡೈಪರ್.

ಆದ್ದರಿಂದ ಸೇರಿಸುವ ದಿನವೇ ಒಂದು ಹಾಳೆ ಬರೆದುಕೊಡಿ. ನೋವಾದರೆ, ಹಸಿವಾದರೆ, ಶೌಚಕ್ಕೆ ಹೋಗಬೇಕಾದರೆ ಏನನ್ನುತ್ತಾರೆ, ಯಾವ ಹೆಸರಿನಿಂದ ಕರೆದರೆ ತಿರುಗಿ ನೋಡುತ್ತಾರೆ, ಕಾಫಿಯೋ ಟೀಯೋ, ಯಾವ ಕಿವಿ ಕೇಳಿಸುವುದಿಲ್ಲ ಎಲ್ಲವನ್ನೂ. ಕನ್ನಡಕ, ಹಲ್ಲಿನ ಸೆಟ್, ಕಿವಿ ಮಷೀನಿನ ಮೇಲೆ ಹೆಸರಿರಲಿ. ಇವು ಕಳೆದುಹೋಗುವಷ್ಟು ಬೇರೇನೂ ಕಳೆಯುವುದಿಲ್ಲ.

ಊಟದ ವಿಷಯದಲ್ಲಿ ರುಚಿಯ ದೂರು ಯಾವಾಗಲೂ ಇರುತ್ತದೆ. ಕರಾವಳಿಯಲ್ಲಿ ಮೀನು ತಿಂದು ಬೆಳೆದವರನ್ನು ಶುದ್ಧ ಸಸ್ಯಾಹಾರದ ಕೇಂದ್ರಕ್ಕೆ ಸೇರಿಸಿ, ಅಪ್ಪ ಊಟವನ್ನೇ ಬಿಟ್ಟರು ಎಂದು ಕೊರಗುವವರಿದ್ದಾರೆ. ಅದಕ್ಕಿಂತ ಗಂಭೀರವಾದದ್ದು ನುಂಗುವ ತೊಂದರೆ. ಪಾರ್ಶ್ವವಾಯು ಆದವರು ನೀರು ಕುಡಿದಾಗಲೆಲ್ಲ ಕೆಮ್ಮುತ್ತಿದ್ದರೆ ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಮಲಗಿಸಿ ಉಣಿಸಬಾರದು. ಬೆನ್ನು ನೆಟ್ಟಗೆ ಕೂರಿಸಿ ಉಣಿಸಿ, ಆಮೇಲೂ ಅರ್ಧ ಗಂಟೆ ಹಾಗೇ ಕೂರಿಸಬೇಕು. ಊಟದ ಹೊತ್ತಿಗೇ ಹೋಗಿ, ಒಂದು ತುತ್ತಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಬಿಡುವು ಕೊಡುತ್ತಾರೆ ನೋಡಿ.

ನಿನ್ನೆಯವರೆಗೆ ಸರಿಯಾಗಿದ್ದವರು ಇದ್ದಕ್ಕಿದ್ದಂತೆ ಏನೇನೋ ಮಾತಾಡತೊಡಗಿದರೆ ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗಬೇಡಿ. ಮೂತ್ರದ ಸೋಂಕು, ಸೋಡಿಯಂ ಕುಸಿತ, ಹೊಸ ಮಾತ್ರೆ ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ಅವತ್ತೇ ವೈದ್ಯರು ನೋಡಬೇಕು.

ಮನೆಯವರು ಮೊದಲೇ ಮಾತಾಡಿಕೊಳ್ಳಬೇಕಾದ್ದು

ನಡುರಾತ್ರಿ ಕೇಂದ್ರದಿಂದ ಫೋನ್ ಬರುತ್ತದೆ: ಉಸಿರಾಟ ಸರಿಯಿಲ್ಲ, ಐಸಿಯುಗೆ ಸೇರಿಸೋಣವೇ? ಮೈಸೂರಿನ ಮಗ ಒಂದು ಹೇಳುತ್ತಾನೆ, ಅಮೆರಿಕದ ಮಗಳು ಇನ್ನೊಂದು ಹೇಳುತ್ತಾಳೆ. ಯಾರ ಮಾತು ಕೊನೆ ಎಂಬುದು ಕೇಂದ್ರದವರ ಬಳಿ ಬರಹದಲ್ಲಿರಲಿ. ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಹಿರಿಯರು ತಮ್ಮ ಕೊನೆಗಾಲದ ಚಿಕಿತ್ಸೆ ಹೇಗಿರಬೇಕೆಂದು ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಸಾಕು. ಕರ್ನಾಟಕದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಇದಕ್ಕೆ ಆದೇಶ ಹೊರಡಿಸಿದೆ. ಪಿಂಚಣಿದಾರರ ಜೀವಿತ ಪ್ರಮಾಣಪತ್ರ, ಬ್ಯಾಂಕಿನ ನಾಮಿನಿ ಇವನ್ನೂ ಆ ಹೊತ್ತಿನಲ್ಲೇ ಸರಿಮಾಡಿಕೊಳ್ಳಿ. ಆಸ್ತಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಮಾತ್ರ ಭೇಟಿಗೆ ಬರುವ ಮಕ್ಕಳಿಗೆ ಒಂದು ವಿಷಯ ತಿಳಿದಿರಲಿ: ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಪಡೆದ ಆಸ್ತಿಯನ್ನು, ಆ ಷರತ್ತು ಮುರಿದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ವಾಪಸ್ ಕೇಳಬಹುದು. ಅರ್ಜಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ.

ಭೇಟಿಗೆ ಗೊತ್ತಾದ ದಿನ ಬೇಡ. ಒಮ್ಮೆ ಮಂಗಳವಾರ ಮಧ್ಯಾಹ್ನ, ಒಮ್ಮೆ ರಾತ್ರಿ ಊಟದ ಹೊತ್ತು. ತಪ್ಪು ಕಂಡರೆ ಆಯಾಳ ಮೇಲೆ ಎಲ್ಲರೆದುರು ಕೂಗಾಡಬೇಡಿ, ನೀವು ಹೊರಟ ಮೇಲೆ ನಿಮ್ಮಮ್ಮನನ್ನು ಎತ್ತಿ ಕೂರಿಸಬೇಕಾದವಳು ಅವಳೇ. ದಿನಾಂಕ, ಹೊತ್ತು, ಕಂಡದ್ದು ಬರೆದು, ಗಾಯವಿದ್ದರೆ ಫೋಟೊ ತೆಗೆದು ಮ್ಯಾನೇಜರಿಗೆ ಬರಹದಲ್ಲಿ ಕೊಡಿ. ಅಲ್ಲಿ ಕೆಲಸವಾಗದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ, ಭಾನುವಾರವೂ ಎತ್ತಿಕೊಳ್ಳುತ್ತಾರೆ.