ನಿಮಗಿದು ಗೊತ್ತೇ? ಪುಣೆಯ ಮನೆಗೆ ಕನ್ನಡ ಟಿ.ವಿ. ಬಂದ ದಾರಿ

‘ಬಿಗ್ ಬಾಸ್ ಕನ್ನಡ’ದ ಮೊದಲ ಮನೆ ಬಿಡದಿಯಲ್ಲಿರಲಿಲ್ಲ, ಪುಣೆ ಜಿಲ್ಲೆಯ ಲೋಣಾವಳದಲ್ಲಿತ್ತು! 2013ರ ಮೊದಲ ಸೀಸನ್ನು, 2014ರ ಎರಡನೆಯದು, ಎರಡೂ ನಡೆದದ್ದು ಅಲ್ಲೇ. ವಿಜಯ್ ರಾಘವೇಂದ್ರ ಮತ್ತು ಅಕುಲ್ ಬಾಲಾಜಿ ಗೆದ್ದದ್ದು ಪುಣೆಯಿಂದ ಸುಮಾರು 65 ಕಿ.ಮೀ. ದೂರದಲ್ಲಿ. ಮನೆ ಬಿಡದಿಗೆ ಹೋದದ್ದು 2015ರ ಮೂರನೇ ಸೀಸನ್ನಿಗೆ.

ಆ 65 ಕಿ.ಮೀ. ದಾಟಿ ಪುಣೆಯ ಕೋಥ್ರುಡ್‌ನ ಕನ್ನಡದ ಮನೆಗೆ ಬರಲು ಆ ಕಾರ್ಯಕ್ರಮ ಆಕಾಶ ಹತ್ತಿ ಇಳಿಯಬೇಕಿತ್ತು. ಟಿ.ವಿ. ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿರುತ್ತವೆ. ಹೋಗಿ ಬರುವ ಹಾದಿ 71,000 ಕಿ.ಮೀ.ಗೂ ಹೆಚ್ಚು. ಅಷ್ಟು ದೂರ ಕ್ರಮಿಸಲು ಸಂಕೇತಕ್ಕೆ ಬೇಕಾದದ್ದು ಕಾಲು ಸೆಕೆಂಡು ಮಾತ್ರ! ಕೇಬಲ್‌ನವರ ಡಿಶ್ಶಿಗೆ ಇಳಿದ ಮೇಲೆ, ಅವರು ಮನಸ್ಸು ಮಾಡಿದರೆ, ನಮ್ಮ ಮನೆಗೆ.

ಮನಸ್ಸು ಮಾಡುವ ಮಾತು ಏಕೆ ಬಂತು ಗೊತ್ತೇ? ಹಳೆಯ ಅನಲಾಗ್ ಕೇಬಲ್‌ನಲ್ಲಿ ಒಂದೊಂದು ಚಾನೆಲ್ಲಿಗೂ 7–8 ಮೆಗಾಹರ್ಟ್ಸ್‌ನಷ್ಟು ಜಾಗ ಬೇಕಿತ್ತು. ತಂತಿಯಲ್ಲಿ ನೂರು ಚಾನೆಲ್ ಹಿಡಿಸುವುದೂ ಕಷ್ಟ. ಮರಾಠಿ, ಹಿಂದಿ, ಕ್ರಿಕೆಟ್, ಸುದ್ದಿ ಎಲ್ಲ ಕೂತ ಮೇಲೆ ಉಳಿದ ಸಂದಿಯಲ್ಲಿ ಕನ್ನಡಕ್ಕೆ ಒಂದೋ ಎರಡೋ ಜಾಗ. ನಮ್ಮ ವಠಾರದ ಕೇಬಲ್‌ನವನು ತಿಂಗಳ ದುಡ್ಡಿಗೆ ಬಂದಾಗಲೆಲ್ಲ ‘ಕನ್ನಡ ಚಾನೆಲ್ ಹಾಕಪ್ಪಾ’ ಎಂದು ಕೇಳುವುದು ನಮಗೆ ರೂಢಿಯಾಗಿಬಿಟ್ಟಿತ್ತು. ‘ಕನ್ನಡದವರು ಎಷ್ಟು ಮನೆ ಇದ್ದೀರಿ?’ ಎಂದು ಅವನು ಕೇಳುತ್ತಿದ್ದ. ಆ ಪ್ರಶ್ನೆ ಆಗ ಸಿಟ್ಟು ತರಿಸುತ್ತಿತ್ತು. ತಂತಿಯ ಇಕ್ಕಟ್ಟು ಅರ್ಥವಾದ ಮೇಲೆ ಅವನ ಲೆಕ್ಕ ತಪ್ಪಲ್ಲ ಅನ್ನಿಸಿದೆ.

ಡಿಜಿಟಲ್ ಆದ ಮೇಲೆ ಒಂದು ಚಾನೆಲ್ಲಿನ ಅದೇ ಜಾಗದಲ್ಲಿ ಹತ್ತಕ್ಕೂ ಹೆಚ್ಚು ಚಾನೆಲ್ ಕೂರತೊಡಗಿದವು. ಪುಣೆ, ಪಿಂಪ್ರಿ-ಚಿಂಚವಡ, ಸೊಲ್ಲಾಪುರ, ಬೆಂಗಳೂರು, ಮೈಸೂರು ಎಲ್ಲಕ್ಕೂ ಸೆಟ್ ಟಾಪ್ ಬಾಕ್ಸ್ ಕಡ್ಡಾಯದ ಗಡುವು ಒಂದೇ ದಿನ: 2013ರ ಮಾರ್ಚ್ 31. ಲೋಣಾವಳದ ಮನೆಯ ಬಾಗಿಲು ತೆರೆದದ್ದೂ ಅದೇ ತಿಂಗಳು!

2019ರ ಫೆಬ್ರುವರಿಯಿಂದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ‘ಟ್ರಾಯ್’ ನಿಯಮದಂತೆ ಕೇಬಲ್‌ನವರು ತಮ್ಮ ಜಾಲದಲ್ಲಿರುವ ಪ್ರತಿ ಚಾನೆಲ್ಲನ್ನೂ ಬಿಡಿಯಾಗಿ ಕೊಡಬೇಕು. ಮೊದಲ ನೂರು ಚಾನೆಲ್ಲಿಗೆ ಆಗ 130 ರೂಪಾಯಿ, ಮೇಲೆ ತೆರಿಗೆ ಇತ್ತು. ದುಡ್ಡಿನ ಚಾನೆಲ್‌ಗಳ ಬೆಲೆ ಬೇರೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಕನ್ನಡ ಟಿ.ವಿ. ಮೊದಲು ಹಳ್ಳಿ ಕಂಡಿತು, ಆಮೇಲೆ ಬೆಂಗಳೂರು! 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಚಿತ್ರ ಬರುತ್ತಿತ್ತು. ಅದರಲ್ಲಿ ಬಿಜಾಪುರ, ಗುಲಬರ್ಗಾ, ರಾಯಚೂರು ಸೀಮೆಯ ಹಳ್ಳಿಗಳೂ ಇದ್ದವು. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ.

ಪುಣೆಯವರ ಹಳೆಯ ಟಿ.ವಿ.ಗೆ ಚಿತ್ರ ಬರುತ್ತಿದ್ದದ್ದು ಸಿಂಹಗಡದಿಂದ. ಮುಂಬಯಿಯ ಕಾರ್ಯಕ್ರಮವನ್ನು ಕೋಟೆಯ ಮೇಲಿನ ಗೋಪುರ ಊರಿಗೆ ಹಂಚುತ್ತಿತ್ತು. ತಾನಾಜಿ ಹತ್ತಿದ ಕೋಟೆಯನ್ನೇ ಆರಿಸಿದ್ದೇಕೆ? ಟಿ.ವಿ. ಅಲೆಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲೇ ಸಾಗುತ್ತವೆ, ಅಡ್ಡ ಬಂದ ಗುಡ್ಡವನ್ನು ಬಳಸಿ ಬರಲಾರವು. ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದ ಗಡದಿಂದ ಇಡೀ ಊರು ಕಾಣುತ್ತದೆ.

1988ರ ಸ್ವಾತಂತ್ರ್ಯ ದಿನದಂದು ದೂರದರ್ಶನ ದೇಶಕ್ಕೆಲ್ಲ ಕೇಳಿಸಿದ ‘ಮಿಲೇ ಸುರ್’ ಹಾಡು ತೆರೆದುಕೊಳ್ಳುವುದು ಗದಗ ಸೀಮೆಯಿಂದ ಬಂದು ಪುಣೆಯಲ್ಲಿ ಮನೆ ಮಾಡಿದ ಭೀಮಸೇನ ಜೋಶಿಯವರ ದನಿಯಿಂದ. ಅಂದು ಅದಕ್ಕಾಗಿ ಕಾಯಬೇಕಿತ್ತು. ಇಂದು ಯೂಟ್ಯೂಬಿನಲ್ಲಿ ಬೇಕೆಂದಾಗ ಕೇಳಬಹುದು. ನಾನಂತೂ ಕೇಳುತ್ತಲೇ ಇರುತ್ತೇನೆ.

ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಟಿ.ವಿ. ತರಬೇತಿ ವಿಭಾಗ ದೆಹಲಿಯಿಂದ ಬಂದು ಸೇರಿದ್ದು 1974ರಲ್ಲಿ. 1974–75ರಲ್ಲಿ ಆ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು ಗಿರೀಶ ಕಾರ್ನಾಡ. ಆಗಲೇ ಅಲ್ಲಿ ಓದುತ್ತಿದ್ದವರು ಗಿರೀಶ ಕಾಸರವಳ್ಳಿ!

ಈಗ ಆ್ಯಪ್‌ಗಳ ಸರದಿ. ಕಲರ್ಸ್ ಕನ್ನಡದ ಧಾರಾವಾಹಿಯನ್ನು ಆನ್‌ಲೈನಿನಲ್ಲಿ ನೋಡುವವರು ಸೀಟು ಬಿಟ್ಟು ಏಳದೆಯೇ ಮೂರು ಮನೆ ಕಂಡಿದ್ದಾರೆ. 2016ರಲ್ಲಿ ಬಂದದ್ದು ವೂಟ್, 2023ರಲ್ಲಿ ಅದು ಜಿಯೋಸಿನಿಮಾದೊಳಗೆ ಸೇರಿತು, 2025ರ ಫೆಬ್ರುವರಿಯಲ್ಲಿ ಜಿಯೋಸಿನಿಮಾ ಮತ್ತು ಹಾಟ್‌ಸ್ಟಾರ್ ಕೂಡಿ ಜಿಯೋಹಾಟ್‌ಸ್ಟಾರ್ ಆಯಿತು. ಸುವರ್ಣ ಮೊದಲಿನಿಂದ ಹಾಟ್‌ಸ್ಟಾರ್‌ನಲ್ಲೇ ಇದ್ದುದರಿಂದ ಆ ಎರಡು ಚಾನೆಲ್ ಈಗ ಒಂದೇ ಸೂರಿನಡಿ. ಜೀ ಕನ್ನಡಕ್ಕೆ ಜೀ5, ಉದಯಕ್ಕೆ ಸನ್ ನೆಕ್ಸ್ಟ್. ನಾಲ್ಕು ಚಾನೆಲ್, ಮೂರು ಆ್ಯಪ್. ಮನೆಯ ಹಿರಿಯರಿಗೆ ಇದು ನಿಜಕ್ಕೂ ಕಷ್ಟ. ಕೇಬಲ್‌ನಲ್ಲಿ ಒಂದೇ ರಿಮೋಟಿನ ಒಂದು ನಂಬರ್ ನೆನಪಿದ್ದರೆ ಸಾಕಿತ್ತು.

ಆದರೆ ಹಿರಿಯರಿಗೆ ದೊಡ್ಡ ಸಹಾಯವೂ ಒಂದು ಬಂದಿದೆ. 2017ರ ಆಗಸ್ಟ್‌ನಲ್ಲಿ ಗೂಗಲ್‌ನ ಮಾತಿನ ಹುಡುಕಾಟಕ್ಕೆ ಕನ್ನಡ, ಮರಾಠಿ ಎರಡೂ ಸೇರಿದವು. ಕೀಲಿಮಣೆಯಲ್ಲಿ ಕನ್ನಡ ಒತ್ತಲು ಬಾರದ ಅಜ್ಜಿ ಈಗ ಸೀರಿಯಲ್ಲಿನ ಹೆಸರು ಹೇಳಿದರೆ ಫೋನು ಹುಡುಕಿ ಕೊಡುತ್ತದೆ.

ಪಕ್ಕದ ಮನೆಯ ಮರಾಠಿ ಕಾಕು ನಿಮ್ಮ ಧಾರಾವಾಹಿಯ ಮುಂದಿನ ಕಥೆಯನ್ನು ಮೊದಲೇ ಹೇಳಬಲ್ಲರು! ಜೀ ಕನ್ನಡದ ‘ಜೊತೆ ಜೊತೆಯಲಿ’ಯ ಮೂಲ ಮರಾಠಿಯ ‘ತುಲಾ ಪಾಹತೆ ರೇ’, ‘ಶ್ರೀರಸ್ತು ಶುಭಮಸ್ತು’ವಿನ ಮೂಲ ‘ಅಗ್ಗಬಾಯಿ ಸಾಸೂಬಾಯಿ’. ಜೀ ಚಾನೆಲ್‌ಗಳ ಮರಾಠಿ, ಕನ್ನಡ ಧಾರಾವಾಹಿಗಳಿಗೆಲ್ಲ ಆ್ಯಪ್ ಒಂದೇ.

ನೀವು ನೋಡುವ ಎಪಿಸೋಡ್ ಇಡಿಯಾಗಿ ಬರುವುದಿಲ್ಲ. ಅದನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಹಲವು ಗುಣಮಟ್ಟದಲ್ಲಿ ಸಿದ್ಧಮಾಡಿ ಇಟ್ಟಿರುತ್ತಾರೆ. ನೆಟ್ ಜೋರಾಗಿದ್ದರೆ ಆ್ಯಪ್ ಸ್ಪಷ್ಟವಾದ ತುಣುಕನ್ನು ತರಿಸಿಕೊಳ್ಳುತ್ತದೆ, ನಿಧಾನವಾದರೆ ಮಬ್ಬಾದದ್ದನ್ನು. ಮಳೆಗಾಲದ ಸಂಜೆ ನಾಯಕಿಯ ಮುಖ ಇದ್ದಕ್ಕಿದ್ದಂತೆ ಮಂಕಾಗಿ ಮತ್ತೆ ತಿಳಿಯಾಗುವುದು ಇದರಿಂದಲೇ. ಕೇಬಲ್‌ನಲ್ಲಿ ಎಲ್ಲ ಚಾನೆಲ್ಲೂ ಸದಾ ಹರಿಯುತ್ತಿರುತ್ತವೆ, ಬಾಕ್ಸ್ ಬೇಕಾದದ್ದನ್ನು ಹೆಕ್ಕಿಕೊಳ್ಳುತ್ತದೆ. ಇಲ್ಲಿ ನೀವು ಕೇಳಿದ್ದು ಮಾತ್ರ ಬರುತ್ತದೆ. ಹಾಗಾಗಿಯೇ ‘ಎಷ್ಟು ಮನೆ?’ ಎಂಬ ಪ್ರಶ್ನೆ ಇಲ್ಲಿಲ್ಲ. ಇಡೀ ಸೊಸೈಟಿಯಲ್ಲಿ ನೀವೊಬ್ಬರೇ ಕನ್ನಡದವರಾದರೂ ಕನ್ನಡ ಬಂದೇ ಬರುತ್ತದೆ. ನನಗೆ ಈ ಬದಲಾವಣೆಯಲ್ಲಿ ಎಲ್ಲಕ್ಕಿಂತ ಹಿತವಾದದ್ದು ಇದೇ.

ಡೇಟಾ ಲೆಕ್ಕ: ಸಾಧಾರಣ ಗುಣಮಟ್ಟಕ್ಕೆ ಗಂಟೆಗೆ ಸುಮಾರು 1 ಜಿಬಿ, ಎಚ್‌ಡಿಗೆ 3 ಜಿಬಿವರೆಗೆ. ಸಂಜೆಯ ಅರ್ಧರ್ಧ ಗಂಟೆಯ ಮೂರು ಧಾರಾವಾಹಿಗಳಿಗೇ ದಿನದ ಒಂದೂವರೆ ಜಿಬಿ ಪ್ಯಾಕ್ ಮುಗಿಯುತ್ತದೆ. ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಗುಣಮಟ್ಟ ಇಳಿಸಿಟ್ಟರೆ ಉಳಿತಾಯ.



ಆ್ಯಪ್‌ಗಾಗಿಯೇ ಹುಟ್ಟಿದ ಕನ್ನಡ ಕಾರ್ಯಕ್ರಮಗಳೂ ಇವೆ. 2022ರ ಕನ್ನಡದ ‘ಬಿಗ್ ಬಾಸ್ ಒಟಿಟಿ’ ಟಿ.ವಿ.ಗಾಗಿ ಅಲ್ಲ, ವೂಟ್‌ಗಾಗಿಯೇ ಮಾಡಿದ್ದು. 2025ರಲ್ಲಿ ಜೀ5 ತನ್ನ ಮೊದಲ ಕನ್ನಡ ವೆಬ್ ಸರಣಿ ‘ಅಯ್ಯನ ಮನೆ’ಯನ್ನು ತಂದಿತು. ಅದಕ್ಕೂ ಮೊದಲಿನ ‘ಏಕಂ’ನ ಕಥೆ ಕೇಳಿ. ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ ಸೇರಿ ರೂಪಿಸಿದ, ಕರಾವಳಿಯ ಏಳು ಕಥೆಗಳ ಈ ಸರಣಿಯನ್ನು ದೊಡ್ಡ ಆ್ಯಪ್‌ಗಳು ಕೊಳ್ಳಲಿಲ್ಲ. ಮಾಡಿದವರು ಸುಮ್ಮನಾಗಲಿಲ್ಲ. 2024ರ ಜುಲೈನಲ್ಲಿ ತಮ್ಮದೇ ಜಾಲತಾಣ ತೆರೆದು, 149 ರೂಪಾಯಿಗೆ ನೇರ ನೋಡುಗರಿಗೆ ಕೊಟ್ಟರು. ಕನ್ನಡದಲ್ಲಿ ಇಂಥ ಕೆಲಸಕ್ಕೆ ಇನ್ನೂ ಎಷ್ಟು ಹೆಣಗಬೇಕೆಂದು ನೆನೆದರೆ ನೋವಾಗುತ್ತದೆ. ಅವರ ಹಟ ಕಂಡರೆ ಹೆಮ್ಮೆ.

ಒಂದು ಪೈಸೆ ತಿಂಗಳ ಶುಲ್ಕವಿಲ್ಲದೆ ಪುಣೆಯಲ್ಲಿ ದೂರದರ್ಶನದ ಕನ್ನಡ ಚಾನೆಲ್ ಚಂದನ ಸಿಗುತ್ತದೆ: ಡಿಡಿ ಫ್ರೀ ಡಿಶ್ ಇದ್ದರಾಯಿತು. ಪ್ರಸಾರ ಭಾರತಿಯ ಸ್ವಂತ ಆ್ಯಪ್ ‘ವೇವ್ಸ್’ 2024ರ ನವೆಂಬರ್‌ನಲ್ಲಿ ಬಂತು. ಚಂದನದಲ್ಲಿ 2002ರಲ್ಲಿ ಆರಂಭವಾದ ಡಾ. ನಾ. ಸೋಮೇಶ್ವರ ಅವರ ರಸಪ್ರಶ್ನೆ ‘ಥಟ್ ಅಂತ ಹೇಳಿ’ಯಲ್ಲಿ ಬಹುಮಾನ ಹಣವಲ್ಲ, ಕನ್ನಡ ಪುಸ್ತಕ. ಪುಣೆಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಕಾರ್ಯಕ್ರಮ ನನಗೆ ಹೊಳೆಯುವುದಿಲ್ಲ.

ಕೊನೆಯದು. ಆನ್‌ಲೈನಿನ ‘ಲೈವ್’ ನಿಜಕ್ಕೂ ಹಿಂದಿರುತ್ತದೆ. ತುಣುಕು ಕತ್ತರಿಸಿ, ಕಳಿಸಿ, ಆ್ಯಪ್ ನಾಲ್ಕಾರು ತುಣುಕು ಕೂಡಿಟ್ಟುಕೊಂಡು ತೋರಿಸುವಷ್ಟರಲ್ಲಿ ಕೇಬಲ್‌ಗಿಂತ ಅರ್ಧ ನಿಮಿಷ ತಡವಾಗುವುದುಂಟು. ಧಾರವಾಡದಲ್ಲಿ ಅವ್ವ ಕೇಬಲ್‌ನಲ್ಲಿ ನೋಡುತ್ತಾಳೆ, ಇಲ್ಲಿ ನಾನು ಆ್ಯಪಿನಲ್ಲಿ, ಇಬ್ಬರ ಕಿವಿಗೂ ಫೋನು. ‘ಅಯ್ಯ, ಸಿಕ್ಕೊಂಡ್ಲು ನೋಡು!’ ಎಂದು ಆಕೆ ಅಲ್ಲಿ ಕೂಗುತ್ತಾಳೆ. ನನ್ನ ಪರದೆಯಲ್ಲಿ ಸೊಸೆ ಇನ್ನೂ ಬಾಗಿಲ ಹಿಂದೆ ಅಡಗಿ ನಿಂತಿರುತ್ತಾಳೆ.