ವಿದ್ಯುದ್ವಾದ್ಯಗಳ ವರ್ಗನಿರ್ಣಯ

ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರಗಳೆಂದು ನಾಲ್ಕಾಗಿ ವಿಭಾಗಿಸಿರುವನಷ್ಟೆ. 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರನ್ನು ಅಣಿಗೊಳಿಸಲು, ಗೀತಾ ಸಾರಾಭಾಯಿ ಮೊದಲಾದವರು ಅಲ್ಲಿ ನಾದಪ್ರಯೋಗಗಳನ್ನು ನಡೆಸಿದರು. 1979ರಲ್ಲಿ ಬೆಂಗಳೂರಿನ ವೇಣುವಾದಕರೂ ಎಂಜಿನಿಯರರೂ ಆದ ಜಿ. ರಾಜ್ ನಾರಾಯಣರು ವಿದ್ಯುತ್ತಂಬೂರಿಯನ್ನು ನಿರ್ಮಿಸಿದರು. ಇವುಗಳಲ್ಲಿ ಮೀಟುವ ತಂತಿಯಿಲ್ಲ, ಬಡಿಯುವ ಚರ್ಮವಿಲ್ಲ, ತಾಡಿಸುವ ಲೋಹವಿಲ್ಲ, ಊದುವ ರಂಧ್ರವಿಲ್ಲ. ವಿದ್ಯುತ್ಸ್ಪಂದನವೇ ಧ್ವನಿವರ್ಧಕದ ಮೂಲಕ ನಾದವಾಗುವುದು. ಆದುದರಿಂದ ಇವು ಆ ನಾಲ್ಕರಲ್ಲಿ ಅಡಗವು. ಹಾಗೆಂದು ಶಾಸ್ತ್ರವು ಅಪ್ರಮಾಣವಾಗದು. ಮುನಿಯ ವಿಭಾಗವು ನಾದೋತ್ಪತ್ತಿಯ ಕಾರಣವನ್ನು ಅನುಸರಿಸಿದುದು. ಹೊಸ ಕಾರಣವು ಒದಗಿದಲ್ಲಿ ಹೊಸ ವರ್ಗವನ್ನು ಸೇರಿಸುವುದು ಆ ತತ್ತ್ವಕ್ಕೆ ಅನುಗುಣವೇ ಸರಿ. ಪಾಶ್ಚಾತ್ಯ ವಿದ್ವಾಂಸನಾದ ಗಾಲ್ಪಿನ್ನನು 1937ರಲ್ಲಿಯೇ ಇಂತಹ ವರ್ಗವನ್ನು ಕಲ್ಪಿಸಿರುವನು. ನಮ್ಮಲ್ಲಿ ಅದಕ್ಕೆ ‘ವೈದ್ಯುತ’ವೆಂಬ ಹೆಸರು ಯುಕ್ತವೆಂದು ತೋರುವುದು, ಪಂಡಿತರು ವಿಚಾರಿಸಬೇಕು.